ಪೀಪಾಯಿ ಬದಲಿಸಿದ ಬೋರ್ಬನ್

ಬೋರ್ಬನ್ ಅಂದ್ರೆ ನನಗೆ ಬಹಳ ವರ್ಷ ಬಿಸ್ಕತ್ತು. 1983ರಲ್ಲಿ ಧಾರವಾಡ ಬಿಟ್ಟು ಮುಂಬೈಗೆ ಬಂದ ಹೊಸದರಲ್ಲಿ, ತಿಂಗಳ ಮೊದಲ ವಾರ ಮಾತ್ರ ಕೊಳ್ಳುತ್ತಿದ್ದ ಐಷಾರಾಮಿ ವಸ್ತು ಅದು. ನಡುವಿನ ಚಾಕಲೇಟು ನೆಕ್ಕಿ, ಆಮೇಲೆ ಎರಡು ಹೋಳು ಚಹಾದಲ್ಲಿ ಅದ್ದಿ ತಿನ್ನೋದು. ಅದೇ ಹೆಸರಿನ ಒಂದು ವಿಸ್ಕಿ ಇದೆ, ಅದರ ಬಗ್ಗೆ ಅಮೆರಿಕದ ಸಂಸತ್ತಿನಲ್ಲಿ ನಿರ್ಣಯವೇ ಆಗಿದೆ ಅಂತೆಲ್ಲ ಗೊತ್ತಾಗಿದ್ದು ತಲೆಗೂದಲು ಉದುರಿದ ಮೇಲೆ. (ಮದ್ಯ ಆರೋಗ್ಯಕ್ಕೆ ಹಾನಿಕರ. ಇದನ್ನ ಮೊದಲೇ ಹೇಳಿಬಿಟ್ಟೆ. ನಮ್ಮ ಮನೆಯವರೂ ಇದನ್ನ ಓದ್ತಾರೆ!)

ವಿಷಯ ಏನಪ್ಪಾ ಅಂದ್ರೆ, ಮೊನ್ನೆ ಮೊನ್ನೆ ನಾವು ಮೂವರು ಗೆಳೆಯರು ಕಣ್ಣು ಕಟ್ಟಿಕೊಂಡು ಬೋರ್ಬನ್ ಕುಡಿದೆವು. ನಿಜಕ್ಕೂ ಕಣ್ಣಿಗೆ ಬಟ್ಟೆ ಕಟ್ಟಿಕೊಂಡಿರಲಿಲ್ಲ. ಯಾವ ಲೋಟದಲ್ಲಿ ಯಾವುದಿದೆ ಅಂತ ಗೊತ್ತಿಲ್ಲದೆ ರುಚಿ ನೋಡಿ ಹೇಳೋ ಆಟ ಅದು. ಒಬ್ಬ ನಲವತ್ತು ವರ್ಷ ಹೊಟೇಲು ನಡೆಸಿದವ, ಇನ್ನೊಬ್ಬ ಬ್ಯಾಂಕಿನಿಂದ ನಿವೃತ್ತ, ಮೂರನೆಯವ ನಾನು. ಹೊಟೇಲಿನವನ ಮಗ ಅಮೆರಿಕದಿಂದ ಬರುವಾಗ ಎರಡು ಬಾಟಲಿ ತಂದಿದ್ದ. ಒಂದು ವುಡ್‌ಫರ್ಡ್ ರಿಸರ್ವ್, ಸಾದಾ ಬೋರ್ಬನ್. ಇನ್ನೊಂದು ಏಂಜಲ್ಸ್ ಎನ್ವಿ, ಪೋರ್ಟ್ ವೈನ್ ಇಟ್ಟಿದ್ದ ಪೀಪಾಯಿಯಲ್ಲಿ ಕೊನೆಯ ಕೆಲವು ತಿಂಗಳು ಕಳೆದ ಬೋರ್ಬನ್.

ಬಾಟಲಿ ನೋಡಿದ ಕೂಡಲೇ ನಾನು ವಾದಕ್ಕೆ ಇಳಿದೆ. "ಇದು ಬೋರ್ಬನ್ ಅಲ್ಲ. ಕಲಬೆರಕೆ."

ಯಾಕೆ ಅಷ್ಟು ಸಿಟ್ಟು ಬಂತೋ ನನಗೇ ಗೊತ್ತಿಲ್ಲ. ಗೊತ್ತಿಲ್ಲ ಅಂತ ಆಗ ಅಂದುಕೊಂಡಿದ್ದೆ. ಆ ಮಾತು ಆಮೇಲೆ ಹೇಳ್ತೀನಿ. ಮೊದಲು ನನ್ನ ವಾದಕ್ಕೆ ಆಧಾರ ಏನಿತ್ತು ಅಂತ ಹೇಳಬೇಕು. ಅದಕ್ಕೆ ಸ್ವಲ್ಪ ಚರಿತ್ರೆ ಬೇಕು.

ಬೋರ್ಬನ್ ಅನ್ನೋದು ಮೂಲತಃ ಫ್ರಾನ್ಸಿನ ರಾಜಮನೆತನದ ಹೆಸರು. ಅಮೆರಿಕದ ಸ್ವಾತಂತ್ರ್ಯ ಯುದ್ಧದಲ್ಲಿ ಫ್ರೆಂಚರು ನೆರವಾದ ಕೃತಜ್ಞತೆಗೆ 1785ರಲ್ಲಿ ಒಂದು ಕೌಂಟಿಗೆ ಆ ಹೆಸರಿಟ್ಟರು. ಅದು ಈಗ ಕೆಂಟಕಿ ರಾಜ್ಯದಲ್ಲಿದೆ. ವಿಸ್ಕಿಗೆ ಹೆಸರು ಬಂದಿದ್ದು ಆ ಕೌಂಟಿಯಿಂದಲೋ, ನ್ಯೂ ಆರ್ಲಿಯನ್ಸ್ ಊರಿನ ಬೋರ್ಬನ್ ಬೀದಿಯಿಂದಲೋ ಅನ್ನೋ ಜಗಳ ಇನ್ನೂ ಮುಗಿದಿಲ್ಲ. ಎಲ್ಲಿಂದ ಬಂದರೂ ಹಿಂದಿರೋದು ಅದೇ ರಾಜಮನೆತನ.

ಆ ಪ್ರದೇಶದಲ್ಲಿ ಮೆಕ್ಕೆಜೋಳ ಯಥೇಚ್ಛ. ಅದನ್ನ ಹುದುಗಿಸಿ, ಬಟ್ಟಿ ಇಳಿಸಿ, ಓಕ್ ಮರದ ಪೀಪಾಯಿಯಲ್ಲಿ ತುಂಬಿ ದೋಣಿಗೆ ಹಾಕೋರು. ಹತ್ತೊಂಬತ್ತನೇ ಶತಮಾನದ ಬಹುಭಾಗ ಗಿರಾಕಿಗೆ ಬಾಟಲಿ ಅನ್ನೋದೇ ಇರಲಿಲ್ಲ. ಪೀಪಾಯಿ ಅಂಗಡಿಗೆ ಹೋಗೋದು, ಅಂಗಡಿಯವ ಅದರಿಂದ ಸುರಿದು ಕೊಡೋದು. ನಮ್ಮ ಹಾಲಿನವನ ಕ್ಯಾನು ನೆನಪು ಮಾಡಿಕೊಳ್ಳಿ. ಕ್ಯಾನಿನೊಳಗೆ ಎಷ್ಟು ಹಾಲು, ಎಷ್ಟು ನಲ್ಲಿ ಅನ್ನೋದು ಅವನಿಗೂ ದೇವರಿಗೂ ಮಾತ್ರ ಗೊತ್ತು. ಅಲ್ಲೂ ಅದೇ ಕಥೆ. 'ರೆಕ್ಟಿಫೈಯರ್' ಅಂತ ಕರೆಸಿಕೊಳ್ಳೋ ವ್ಯಾಪಾರಿಗಳು ಸಪ್ಪೆ ಮದ್ಯಸಾರಕ್ಕೆ ಸುಟ್ಟ ಸಕ್ಕರೆಯ ಬಣ್ಣ, ಒಣಹಣ್ಣಿನ ರಸ, ಇನ್ನೂ ಏನೇನೋ ಬೆರೆಸಿ, ವರ್ಷಗಟ್ಟಲೆ ಇಟ್ಟ ವಿಸ್ಕಿ ಅಂತ ಮಾರೋರು. 1870ರಲ್ಲಿ ಲೂಯಿವಿಲ್‌ನ ಜಾರ್ಜ್ ಗಾರ್ವಿನ್ ಬ್ರೌನ್ ಅನ್ನೋವ್ರು ತಮ್ಮ ಓಲ್ಡ್ ಫಾರೆಸ್ಟರ್ ಬೋರ್ಬನ್ನನ್ನು ಮೊಹರು ಮಾಡಿದ ಬಾಟಲಿಯಲ್ಲಿ ಮಾತ್ರ ಮಾರೋಕೆ ಶುರು ಮಾಡಿದ್ದು ಇದೇ ಅಪನಂಬಿಕೆಯ ಕಾಲದಲ್ಲಿ.

ಕೊನೆಗೆ ಸರಕಾರವೂ ನಡುವೆ ಬಂತು. 1897ರ 'ಬಾಟಲ್ಡ್ ಇನ್ ಬಾಂಡ್' ಕಾಯ್ದೆ ಹೇಳಿದ್ದಿಷ್ಟು: ಒಂದೇ ಭಟ್ಟಿ, ಒಂದೇ ಹಂಗಾಮು, ಸರಕಾರದ ಕಣ್ಗಾವಲಿನ ಗೋದಾಮಿನಲ್ಲಿ ಕನಿಷ್ಠ ನಾಲ್ಕು ವರ್ಷ, ಬಾಟಲಿಗೆ ತುಂಬುವಾಗ 50 ಶೇಕಡಾ ಮದ್ಯಸಾರ. ಇಷ್ಟಿದ್ದರೆ ಸರಕಾರದ ಮೊಹರು ಸಿಗುತ್ತೆ. 1906ರಲ್ಲಿ ಆಹಾರ ಮತ್ತು ಔಷಧಿ ಶುದ್ಧತೆಯ ಕಾಯ್ದೆ ಬಂತು. ಅದು ಬಂದ ಮೇಲೆ ಅಸಲಿ ಜಗಳ ಎದ್ದಿತು, ವಿಸ್ಕಿ ಅಂದ್ರೆ ಯಾವುದು? ಪೀಪಾಯಿಯಲ್ಲಿ ವರ್ಷಗಟ್ಟಲೆ ಇಟ್ಟೋರು "ನಮ್ಮದು ಮಾತ್ರ" ಅಂದರು. ಬೆರೆಸಿ ಮಾರೋರು "ನಮ್ಮದೂ ವಿಸ್ಕಿಯೇ" ಅಂದರು. ಜಗಳ ಅಧ್ಯಕ್ಷರ ತನಕ ಹೋಯಿತು! 1909ರ ಡಿಸೆಂಬರ್‌ನಲ್ಲಿ ಅಧ್ಯಕ್ಷ ವಿಲಿಯಂ ಹೊವಾರ್ಡ್ ಟಾಫ್ಟ್ ತೀರ್ಪು ಕೊಟ್ಟರು. ಅವರು ವೃತ್ತಿಯಲ್ಲಿ ನ್ಯಾಯಾಧೀಶರಾಗಿದ್ದವರು. ತೀರ್ಪಿನ ಸಾರ ಇಷ್ಟು: ಧಾನ್ಯದಿಂದ ಮಾಡಿದ್ದನ್ನ ಇಬ್ಬರೂ ವಿಸ್ಕಿ ಅಂತ ಕರೆಯಬಹುದು, ಆದರೆ ಅದು 'ಸ್ಟ್ರೇಟೋ' 'ಬ್ಲೆಂಡೆಡ್ಡೋ' ಅಂತ ಚೀಟಿಯ ಮೇಲೆ ಬರೀಬೇಕು.

ಈ ತೀರ್ಪು ಓದಿದಾಗ ಮೊದಲು ನನಗೆ ಜಾಣ ರಾಜಕಾರಣಿಯ ಮಾತಿನ ಹಾಗೆ ಕಂಡಿತ್ತು. ಈಗ ಹಾಗನಿಸಲ್ಲ.

1920ರಿಂದ 1933ರ ತನಕ ಅಮೆರಿಕದಲ್ಲಿ ಪಾನನಿಷೇಧ. ಆಗಲೂ ವಿಸ್ಕಿ ಸಿಗುತ್ತಿತ್ತು, ಡಾಕ್ಟರ ಚೀಟಿ ಇದ್ದರೆ! ಹತ್ತು ದಿನಕ್ಕೆ ಒಂದು ಪಿಂಟ್, ಅಂದರೆ ಅರ್ಧ ಲೀಟರಿಗೆ ಸ್ವಲ್ಪ ಕಮ್ಮಿ. ನಗಬೇಡಿ. ನಾವು ಮುಂಬೈಯವರು ನಗೋ ಹಾಗೇ ಇಲ್ಲ. 1949ರ ಬಾಂಬೆ ಮದ್ಯನಿಷೇಧ ಕಾಯ್ದೆಯ ಪ್ರಕಾರ ಇವತ್ತಿಗೂ ಮಹಾರಾಷ್ಟ್ರದಲ್ಲಿ ಕುಡಿಯೋಕೆ ಪರ್ಮಿಟ್ ಇರಬೇಕು. ಆರೋಗ್ಯ ಕಾಪಾಡಿಕೊಳ್ಳೋಕೆ ಈ ಮನುಷ್ಯನಿಗೆ ಮದ್ಯ ಬೇಕು ಅಂತ ಸರಕಾರವೇ ಬರೆದುಕೊಡೋ ಕಾಗದ ಅದು. ನಮ್ಮ ಬ್ಯಾಂಕಿನ ಗೆಳೆಯ ಅದನ್ನ ಲ್ಯಾಮಿನೇಟ್ ಮಾಡಿಸಿ ಇಟ್ಟಿದ್ದಾನೆ. ಮುರಾರ್ಜಿ ದೇಸಾಯಿ ಗೃಹಮಂತ್ರಿಯಾಗಿದ್ದಾಗ ಜಾರಿಗೆ ಬಂದ ಕಾಯ್ದೆ ಅದು. ನಮ್ಮ ಧಾರವಾಡ, ಬೆಳಗಾವಿ, ಬಿಜಾಪುರ, ಕಾರವಾರ ಎಲ್ಲ 1956ರ ನವೆಂಬರ್ 1ರ ತನಕ ಬಾಂಬೆ ರಾಜ್ಯದಲ್ಲೇ ಇದ್ದವಲ್ಲ, ಹಾಗಾಗಿ ನಮ್ಮಪ್ಪನ ತಲೆಮಾರಿನವರಿಗೂ ಅದೇ ಕಾನೂನು ಬಿಸಿ ಮುಟ್ಟಿಸಿತ್ತು.

ಇರಲಿ, ಮತ್ತೆ ಪೀಪಾಯಿಗೆ ಬರೋಣ. ನಿಷೇಧ ತೆಗೆದ ಮೇಲೆ 1930ರ ದಶಕದಲ್ಲಿ ಹೊಸ ನಿಯಮಗಳು ಬಂದವು. ಇವತ್ತಿನ ಬೋರ್ಬನ್ನಿನ ಕಾನೂನು ಬಹುಪಾಲು ಅವೇ. ಕಾಳಿನಲ್ಲಿ ಕನಿಷ್ಠ 51 ಶೇಕಡಾ ಮೆಕ್ಕೆಜೋಳ ಇರಬೇಕು. ಬಟ್ಟಿ ಇಳಿಸುವಾಗ ಮದ್ಯಸಾರ 80 ಶೇಕಡಾ ಮೀರಬಾರದು, ಪೀಪಾಯಿಗೆ ತುಂಬುವಾಗ 62.5 ಮೀರಬಾರದು, ಬಾಟಲಿಯಲ್ಲಿ 40ಕ್ಕಿಂತ ಕಮ್ಮಿ ಇರಬಾರದು. ಬಣ್ಣ, ಪರಿಮಳ ಏನೂ ಸೇರಿಸೋ ಹಾಗಿಲ್ಲ. ಎಲ್ಲಕ್ಕಿಂತ ಮುಖ್ಯ, ಪೀಪಾಯಿ ಹೊಸದೇ ಆಗಿರಬೇಕು. ಒಳಗೆ ಬೆಂಕಿಯಲ್ಲಿ ಸುಟ್ಟ ಹೊಸ ಓಕ್. ಆ ಸುಟ್ಟ ಪದರದಿಂದಲೇ ಬೋರ್ಬನ್ನಿಗೆ ಬಣ್ಣ. ಬಿಸಿಗೆ ಮರದೊಳಗಿನ ಲಿಗ್ನಿನ್ ಒಡೆದು ವೆನಿಲಾದ ವಾಸನೆ ಬಿಡುತ್ತೆ, ಮರದ ಸಕ್ಕರೆ ಅಂಶ ಕ್ಯಾರಮೆಲ್ ಆಗುತ್ತೆ, ಓಕ್‌ನ ಎಣ್ಣೆಯಿಂದ ಕೊಬ್ಬರಿಯ ಪರಿಮಳ. ಬೇಸಿಗೆಯಲ್ಲಿ ದ್ರವ ಹಿಗ್ಗಿ ಮರದೊಳಗೆ ಹೋಗುತ್ತೆ, ಚಳಿಗಾಲದಲ್ಲಿ ಕುಗ್ಗಿ ಹೊರಗೆ ಬರುತ್ತೆ. 1964ರಲ್ಲಿ ಅಮೆರಿಕದ ಸಂಸತ್ತು ಬೋರ್ಬನ್ ತಮ್ಮ ದೇಶದ ವಿಶಿಷ್ಟ ಉತ್ಪನ್ನ ಅಂತ ನಿರ್ಣಯವನ್ನೇ ಮಾಡಿತು.

ಒಮ್ಮೆ ಬೋರ್ಬನ್ ತುಂಬಿದ ಪೀಪಾಯಿಗೆ ಮತ್ತೆ ಬೋರ್ಬನ್ ತುಂಬೋ ಹಾಗಿಲ್ಲ. ಹಾಗಾದ್ರೆ ಆ ಲಕ್ಷಾಂತರ ಪೀಪಾಯಿ ಏನಾಗುತ್ತೆ? ಸ್ಕಾಟ್ಲೆಂಡಿಗೆ ಹೋಗುತ್ತೆ. ನಮ್ಮ ಬೆಂಗಳೂರಿಗೂ ಬರುತ್ತೆ. ಮೈಸೂರು ರಸ್ತೆಯ ಕಂಬಿಪುರದಲ್ಲಿರೋ ಅಮೃತ್ ಡಿಸ್ಟಿಲರಿಯ ಮಾಲ್ಟ್ ವಿಸ್ಕಿ ಹಣ್ಣಾಗೋದು ಹೆಚ್ಚಾಗಿ ಇಂಥ ಕೆಂಟಕಿಯ ಹಳೆ ಪೀಪಾಯಿಗಳಲ್ಲೇ. 1948ರಲ್ಲಿ ರಾಧಾಕೃಷ್ಣ ಜಗದಾಳೆ ಕಟ್ಟಿದ ಕಂಪನಿ. ಅವರ ಮಗ ನೀಲಕಂಠ ರಾವ್ ಜಗದಾಳೆ 2004ರ ಆಗಸ್ಟಿನಲ್ಲಿ ತಮ್ಮ ಸಿಂಗಲ್ ಮಾಲ್ಟನ್ನು ಬಿಡುಗಡೆ ಮಾಡಿದ್ದು ಬೆಂಗಳೂರಿನಲ್ಲಿ ಅಲ್ಲ, ಗ್ಲಾಸ್ಗೋದಲ್ಲಿ! ಹುಲಿಯ ಗುಹೆಯೊಳಗೇ ಹೋಗಿ ಹುಲಿಗೆ ಆಮಂತ್ರಣ ಕೊಟ್ಟ ಹಾಗೆ. ಭಾರತದ ವಿಸ್ಕಿ ಅಂತ ಮೊದಲೇ ಹೇಳಿದ್ದರೆ ಎಷ್ಟು ಜನ ಮೂಗು ಮುರಿಯುತ್ತಿದ್ದರೋ. ಹೆಸರು ಹೇಳದೆ ಕುಡಿಸಿದಾಗ ಅಲ್ಲಿನವರು ಅದನ್ನ ಸ್ಕಾಚ್ ಅಂತಲೇ ತಿಳಿದರು ಅನ್ನೋ ಕಥೆ ವಿಸ್ಕಿ ಪ್ರಿಯರ ವಲಯದಲ್ಲಿ ಪ್ರಸಿದ್ಧ.

ಹೀಗೆ ಹೆಸರು ಮುಚ್ಚಿ ರುಚಿ ನೋಡೋದರಲ್ಲಿ ಎಲ್ಲಕ್ಕಿಂತ ದೊಡ್ಡ ಗಲಾಟೆ ಆಗಿದ್ದು ವೈನಿನ ಲೋಕದಲ್ಲಿ. 1976ರ ಮೇ 24, ಪ್ಯಾರಿಸ್. ಸ್ಟೀವನ್ ಸ್ಪರಿಯರ್ ಅನ್ನೋ ಇಂಗ್ಲಿಷ್ ವೈನ್ ವ್ಯಾಪಾರಿ ಒಂಬತ್ತು ಜನ ಫ್ರೆಂಚ್ ಪಂಡಿತರನ್ನ ಕೂರಿಸಿ, ಫ್ರಾನ್ಸಿನ ಮತ್ತು ಕ್ಯಾಲಿಫೋರ್ನಿಯಾದ ವೈನುಗಳನ್ನ ಹೆಸರು ಮರೆಮಾಡಿ ಕೊಟ್ಟ. ಒಬ್ಬ ಪಂಡಿತರು ಒಂದು ಲೋಟ ಕುಡಿದು 'ಅಬ್ಬಾ, ಫ್ರಾನ್ಸಿಗೆ ವಾಪಸ್ ಬಂದೆವು' ಅನ್ನೋ ಅರ್ಥದ ಮಾತಾಡಿದರಂತೆ. ಅದು ಕ್ಯಾಲಿಫೋರ್ನಿಯಾದ ನಾಪಾ ಕಣಿವೆಯದಾಗಿತ್ತು! ಕೊನೆಗೆ ಬಿಳಿ ವೈನಿನಲ್ಲಿ ಶಾತೋ ಮಾಂಟೆಲೀನಾ, ಕೆಂಪಿನಲ್ಲಿ ಸ್ಟ್ಯಾಗ್ಸ್ ಲೀಪ್, ಎರಡೂ ಕ್ಯಾಲಿಫೋರ್ನಿಯಾದವೇ ಮೊದಲು ಬಂದವು. ಅಲ್ಲಿದ್ದ ಒಬ್ಬನೇ ಪತ್ರಕರ್ತ, ಟೈಮ್ ಪತ್ರಿಕೆಯ ಜಾರ್ಜ್ ಟೇಬರ್, ಬರೆದಿದ್ದರಿಂದ ಲೋಕಕ್ಕೆಲ್ಲ ಗೊತ್ತಾಯಿತು.

ಇನ್ನೊಂದು ಪ್ರಯೋಗ ಇನ್ನೂ ಕ್ರೂರ. ಬೋರ್ಡೋದಲ್ಲಿ ವೈನ್ ಶಾಸ್ತ್ರ ಓದೋ 54 ವಿದ್ಯಾರ್ಥಿಗಳಿಗೆ ಬಿಳಿ ವೈನಿಗೆ ವಾಸನೆಯಿಲ್ಲದ ಕೆಂಪು ಬಣ್ಣ ಹಾಕಿ ಕೊಟ್ಟರು. ಅವರು ಅದನ್ನ ವರ್ಣಿಸಿದ್ದು ಕೆಂಪು ವೈನಿಗೆ ಬಳಸೋ ಮಾತುಗಳಲ್ಲೇ. ಫ್ರೆಡೆರಿಕ್ ಬ್ರೋಶೆ ಮತ್ತು ಸಂಗಡಿಗರು 2001ರಲ್ಲಿ ಪ್ರಕಟಿಸಿದ ಅಧ್ಯಯನ ಇದು. ನಾಲಿಗೆಗಿಂತ ಮೊದಲು ಕಣ್ಣು ತೀರ್ಪು ಕೊಟ್ಟುಬಿಡುತ್ತೆ.

ಈಗ ಪೋರ್ಟ್ ಪೀಪಾಯಿಯ ಕಥೆ. ಒಂದು ಪೀಪಾಯಿಯಲ್ಲಿ ಹಣ್ಣಾದ ವಿಸ್ಕಿಯನ್ನ ಇನ್ನೊಂದಕ್ಕೆ ಹಾಕಿ ಮುಗಿಸೋ ಪದ್ಧತಿಗೆ 'ಫಿನಿಶ್' ಅಂತಾರೆ. ಸ್ಕಾಟ್ಲೆಂಡಿನಲ್ಲಿ ಇದನ್ನ ರೂಢಿಗೆ ತಂದವರಲ್ಲಿ ಬಾಲ್ವೆನಿಯ ಡೇವಿಡ್ ಸ್ಟುವರ್ಟ್ ಪ್ರಮುಖರು, 1980ರ ದಶಕದಲ್ಲಿ. ಬೋರ್ಬನ್ನಿನಲ್ಲಿ ಇದು ಹೆಸರು ಮಾಡಿದ್ದು ಲಿಂಕನ್ ಹೆಂಡರ್ಸನ್ ಅನ್ನೋ ಹಿರಿಯರಿಂದ. ಸುಮಾರು ನಲವತ್ತು ವರ್ಷ ಒಂದೇ ಕಂಪನಿಯಲ್ಲಿ ದುಡಿದು, 1996ರಲ್ಲಿ ಹೊರಬಂದ ವುಡ್‌ಫರ್ಡ್ ರಿಸರ್ವ್‌ನ್ನು ರೂಪಿಸಿದವರು ಅವರೇ. ನಿವೃತ್ತಿಯಾದ ಮೇಲೆ, ಮಗನ ಜೊತೆ ಸೇರಿ ಏಂಜಲ್ಸ್ ಎನ್ವಿ ಮಾಡಿದರು. ಅದು 2011ರಲ್ಲಿ ಮಾರುಕಟ್ಟೆಗೆ ಬಂತು, 2013ರಲ್ಲಿ ಅವರು ತೀರಿಕೊಂಡರು. ಪೀಪಾಯಿಯಿಂದ ಆವಿಯಾಗಿ ಹೋಗೋ ಪಾಲಿಗೆ 'ದೇವತೆಗಳ ಪಾಲು' ಅಂತಾರೆ. ಉಳಿದದ್ದನ್ನ ಕಂಡು ದೇವತೆಗಳೂ ಹೊಟ್ಟೆಕಿಚ್ಚು ಪಡಲಿ ಅಂತ ಆ ಹೆಸರು. (ಸ್ಕಾಟ್ಲೆಂಡಿನಲ್ಲಿ ವರ್ಷಕ್ಕೆ 2 ಶೇಕಡಾ ತಗೊಳ್ಳೋ ದೇವತೆಗಳು ನಮ್ಮ ಬೆಂಗಳೂರಿನ ಬಿಸಿಲಿಗೆ 10-12 ಶೇಕಡಾ ಕುಡಿದುಬಿಡ್ತಾರೆ!)

ಅಂದರೆ ನಮ್ಮ ಮುಂದಿದ್ದ ಎರಡೂ ಬಾಟಲಿಯ ಹಿಂದೆ ಒಬ್ಬನೇ ಮನುಷ್ಯ. ಒಂದು ನೌಕರಿಯಲ್ಲಿದ್ದಾಗ ಮಾಡಿದ್ದು, ಇನ್ನೊಂದು ನೌಕರಿ ಮುಗಿದ ಮೇಲೆ.

ಆಟದ ನಿಯಮ ಹೊಟೇಲಿನವನ ಮಗನದು. ಒಬ್ಬೊಬ್ಬರಿಗೆ ಮೂರು ಲೋಟ. ಎರಡರಲ್ಲಿ ಒಂದೇ ಬೋರ್ಬನ್, ಮೂರನೆಯದರಲ್ಲಿ ಬೇರೆ. ಮೊದಲು ಬೇರೆಯದು ಯಾವುದು ಹೇಳಬೇಕು, ಆಮೇಲೆ ಪೋರ್ಟ್ ಪೀಪಾಯಿಯದು ಯಾವುದು ಹೇಳಬೇಕು. ವುಡ್‌ಫರ್ಡ್ ತುಸು ಗಡುಸು, 45.2 ಶೇಕಡಾ, ಇನ್ನೊಂದು 43.3. ಉರಿಯಿಂದ ಗುರುತು ಸಿಗಬಾರದು ಅಂತ ಮೊದಲನೆಯದಕ್ಕೆ ಅಳೆದು ನೀರು ಹಾಕಿದ. ಪೋರ್ಟ್ ಪೀಪಾಯಿಯದಕ್ಕೆ ತಿಳಿ ಕೆಂಪು ಛಾಯೆ ಇರುತ್ತೆ, ಹಾಗಾಗಿ ಸ್ಟೀಲಿನ ಕಾಫಿ ಲೋಟ. ಅದೂ ಸಾಲದು ಅಂತ ಟ್ಯೂಬ್‌ಲೈಟ್ ಆರಿಸಿ ನೀಲಿ ಝೀರೋ ಬಲ್ಬು ಹಾಕಿದ. ಸುರಿದಿದ್ದು ಒಳಗೆ ಅವನ ಅಮ್ಮ, ತಂದಿಟ್ಟಿದ್ದು ಏನೂ ಗೊತ್ತಿಲ್ಲದ ಅವನು. ಸುರಿದವರ ಮುಖ ಕಂಡರೆ ಉತ್ತರ ಕಂಡ ಹಾಗೆ ಅಲ್ವೇ? ಉತ್ತರ ಅಡುಗೆಮನೆಯ ಕಾಲನಿರ್ಣಯ ಕ್ಯಾಲೆಂಡರಿನ ಹಿಂದೆ ಪೆನ್ಸಿಲಲ್ಲಿ ಬರೆದಿಟ್ಟಿದ್ದರು.

ನೀಲಿ ಬೆಳಕಿನಲ್ಲಿ ಮೂವರು ಮುದುಕರು ಲೋಟ ಮೂಸುತ್ತಾ ಕೂತಿದ್ದು ನೋಡಿದ್ದರೆ ಮಂತ್ರವಾದಿಗಳ ಮನೆ ಅಂದುಕೊಳ್ಳುತ್ತಿದ್ದಿರಿ!

ಬ್ಯಾಂಕಿನವ ಬೇರೆ ಲೋಟ ಹುಡುಕೋದರಲ್ಲೇ ಎಡವಿದ. ಹೊಟೇಲಿನವ ಎರಡೂ ಸರಿಯಾಗಿ ಹೇಳಿದ. ದಿನಾ ಬೆಳಿಗ್ಗೆ ಅಂಗೈಗೆ ಸಾಂಬಾರು ಬಿಟ್ಟುಕೊಂಡು ಉಪ್ಪು ನೋಡಿದ ನಾಲಿಗೆ ಅದು. ನಾನು? ಬೇರೆ ಲೋಟ ಸರಿಯಾಗಿಯೇ ಹುಡುಕಿದೆ. ಅಷ್ಟಕ್ಕೇ ನಿಲ್ಲಿಸಿದ್ದರೆ ಮರ್ಯಾದೆ ಉಳಿಯುತ್ತಿತ್ತು. ಆ ಲೋಟ ಎತ್ತಿ ಹಿಡಿದು ಭಾಷಣ ಮಾಡಿದೆ: "ಇದು ನೋಡ್ರಿ ಶುದ್ಧ ಬೋರ್ಬನ್. ವೆನಿಲಾ, ಸುಟ್ಟ ಸಕ್ಕರೆ, ಮರ ಬಿಟ್ಟರೆ ಬೇರೇನೂ ಇಲ್ಲ. ಉಳಿದ ಎರಡರಲ್ಲಿ ಒಣದ್ರಾಕ್ಷಿ ಬಂತು. ಅಲ್ಲಿ ವೈನ್ ಸೇರಿದೆ."

ಕ್ಯಾಲೆಂಡರು ಬಂತು. ನಾನು ಶುದ್ಧ ಅಂದಿದ್ದೇ ಪೋರ್ಟ್ ಪೀಪಾಯಿಯದು. ಕಲಬೆರಕೆ ಅಂದಿದ್ದು ಸಾದಾ ಬೋರ್ಬನ್. ಹೊಸ ಓಕ್‌ನಿಂದಲೂ ಒಣಹಣ್ಣಿನ ವಾಸನೆ ಬರುತ್ತೆ ಅಂತ ನನಗೆ ಗೊತ್ತಿರಲಿಲ್ಲ, ಮತ್ತು ಪೋರ್ಟ್ ತನ್ನ ಕೆಲಸವನ್ನ ಅಷ್ಟು ಮೆತ್ತಗೆ ಮಾಡಿರುತ್ತೆ ಅಂತಲೂ ಗೊತ್ತಿರಲಿಲ್ಲ.

ಮೂರು ಲೋಟದ ಆಟದಲ್ಲಿ ಬೇರೆಯದನ್ನ ಕಣ್ಣುಮುಚ್ಚಿ ಊಹಿಸಿದರೂ ಮೂರಕ್ಕೊಂದು ಸಲ ಸರಿ ಬರುತ್ತೆ. ಮೂವರು ಒಂದು ಸಂಜೆ ಕುಡಿದದ್ದು ಏನನ್ನೂ ಸಾಬೀತು ಮಾಡಲ್ಲ. ಬ್ಯಾಂಕಿನವ ಅದನ್ನೇ ಹೇಳಿ ಸಮಾಧಾನ ಮಾಡಿಕೊಂಡ. ನನಗೆ ಮಾತ್ರ ಆ ರಾತ್ರಿ ನಿದ್ದೆ ಬರಲಿಲ್ಲ. ಬೋರ್ಬನ್ನಿಂದ ಅಲ್ಲ.

ಹಿಂದಿನ ತಿಂಗಳು ಧಾರವಾಡದಲ್ಲಿ ಒಂದು ಮದುವೆ. ಊಟದ ಪಂಕ್ತಿಯಲ್ಲಿ ಏನೋ ಮಾತಿಗೆ ನಾನು "ಅರೇ ಯಾರ್, ಚಲೇಗಾ" ಅಂದೆ. ಪಕ್ಕದಲ್ಲಿದ್ದ ದಾಯಾದಿ ನಕ್ಕು, "ಬಿಡಪಾ, ನಿಂದು ಈಗ ಕನ್ನಡ ಅಲ್ಲ, ಬೊಂಬಾಯಿ ಮಾಲು ಆತು" ಅಂದ. ಎಲ್ಲರೂ ನಕ್ಕರು, ನಾನೂ ನಕ್ಕೆ. ಆದರೆ ಹೋಳಿಗೆ ಗಂಟಲಲ್ಲಿ ಇಳಿಯಲಿಲ್ಲ. ನಲವತ್ತು ವರ್ಷ ಲೋಕಲ್ ಟ್ರೇನಿನ ನೂಕುನುಗ್ಗಲಲ್ಲಿ ಕನ್ನಡ ಪುಸ್ತಕ ಹಿಡಿದು ಓದಿದವನಿಗೆ, ಮಕ್ಕಳಿಗೆ ಮನೆಯಲ್ಲಿ ಅ ಆ ಇ ಈ ತಿದ್ದಿಸಿದವನಿಗೆ ಆ ಒಂದು ಮಾತು ಸಾಕಾಯಿತು. ಬೋರ್ಬನ್ ಬಾಟಲಿ ಮೇಲೆ ನಾನು ಎಗರಿದ್ದು ಬಾಟಲಿಯ ತಪ್ಪಿಗಲ್ಲ. ನನಗೆ ಬಿದ್ದ ಏಟನ್ನ ಅದಕ್ಕೆ ಕೊಟ್ಟೆ.

ಆಮೇಲೆ ನೆನಪಾಯಿತು, ನನ್ನನ್ನ ಬೊಂಬಾಯಿ ಮಾಲು ಅಂದ ಆ ದಾಯಾದಿ ಅದೇ ಪಂಕ್ತಿಯಲ್ಲಿ ಹುಡುಗನಿಗೆ "ಖುರ್ಚಿ ಬಾಜೂಕ ಸರಸು, ಖಿಡಕಿ ತಗಿ" ಅಂದಿದ್ದ! ಖುರ್ಚಿ ಎಲ್ಲಿಯದು, ಬಾಜೂ ಎಲ್ಲಿಯದು, ಖಿಡಕಿ ಎಲ್ಲಿಯದು? ನಮ್ಮ ಧಾರವಾಡದ ಕನ್ನಡವೂ ಮರಾಠಿ ಪೀಪಾಯಿಯಲ್ಲಿ ಸಾಕಷ್ಟು ಕಾಲ ಇದ್ದು ಬಂದದ್ದೇ. ಅದರ ರುಚಿಯೇ ಅದು. ಅವನಿಗೆ ಗೊತ್ತಿಲ್ಲ ಅಷ್ಟೇ. ನನಗೆ ಮಾತ್ರ ಏನು ಗೊತ್ತಿತ್ತು, ಲೋಟ ಎತ್ತಿ ಭಾಷಣ ಮಾಡುವಾಗ?

ಮಾರನೇ ದಿನ ಖಾಲಿ ಬಾಟಲಿ ಕೇಳಿ ತಂದೆ. ಚೀಟಿಯ ಮೇಲೆ ಬರೆದಿರೋದು ಸ್ಪಷ್ಟವಾಗಿದೆ. ಕೆಂಟಕಿಯ ಸ್ಟ್ರೇಟ್ ಬೋರ್ಬನ್ ವಿಸ್ಕಿ, ಪೋರ್ಟ್ ವೈನ್ ಪೀಪಾಯಿಗಳಲ್ಲಿ ಮುಗಿಸಿದ್ದು. ಬರೀ ಬೋರ್ಬನ್ ಅಂತ ಬರೆದು ಸುಮ್ಮನಾಗೋ ಹಾಗಿಲ್ಲ, ಪೀಪಾಯಿಯ ಮಾತೂ ಬರೀಬೇಕು ಅಂತ ಅಲ್ಲಿನ ಕಾನೂನು. ಹುಟ್ಟಿದ್ದು ಎಲ್ಲಿ, ಆಮೇಲೆ ಇದ್ದದ್ದು ಎಲ್ಲಿ, ಎರಡೂ ಹೇಳಬೇಕು. ಟಾಫ್ಟ್ ಸಾಹೇಬರು 1909ರಲ್ಲಿ ಹೇಳಿದ್ದೂ ಹೆಚ್ಚೂಕಮ್ಮಿ ಇದನ್ನೇ: ಹೆಸರು ಕಿತ್ತುಕೊಳ್ಳಬೇಡಿ, ಆದರೆ ಮುಚ್ಚಿಡಲೂ ಬೇಡಿ. ಕಲಬೆರಕೆ ಅನ್ನೋದು ಬೆರೆಸಿದ್ದಕ್ಕಲ್ಲ, ಬೆರೆಸಿ ಸುಳ್ಳು ಹೇಳಿದ್ದಕ್ಕೆ.

ಮುಂದಿನ ಸಲ ಊರಿಗೆ ಹೋದಾಗ ಆ ದಾಯಾದಿಗೆ ಈ ಮೂರು ಲೋಟದ ಆಟ ಆಡಿಸಬೇಕು ಅಂತಿದೀನಿ. ಅವನು ಕುಡಿಯಲ್ಲ, ಹಾಗಾಗಿ ಫೇಡೆಯಲ್ಲಿ ಆಡೋಣ: ಎರಡು ನಮ್ಮ ಧಾರವಾಡದ್ದು, ಒಂದು ಇಲ್ಲಿಂದ ನಾನು ಒಯ್ಯೋದು. ಮುಂಬೈಯದು ಯಾವುದು ಅಂತ ಕಣ್ಣುಮುಚ್ಚಿ ಹೇಳಲಿ, ನೋಡೋಣ. ನೀವೇನಂತೀರಿ?